ಸೋಮವಾರ ಆಯುಧ ಎತ್ತದ ಉಡಗಲಿಗಳು

ನಾನು ಒಂದು ಕುಲವನ್ನೇ ಹುಟ್ಟಿಸಿದವಳು. ನಗಬೇಡಿ. ಆಳೆತ್ತರದ, ಮೈತುಂಬ ಚಿಪ್ಪಿನ, ಬಾಲ ಬಡಿದರೆ ದೂಳೇಳುವ ವೀರರ ಕುಲ. ಒಬ್ಬಳೇ ಹುಟ್ಟಿಸಿದೆ ಎಂದರೆ ಸುಳ್ಳಾಗುತ್ತದೆ, ಮೂವರು ಸೇರಿ ಹುಟ್ಟಿಸಿದೆವು. ಆದರೆ ಮೂವರಲ್ಲಿ ಹೆಚ್ಚು ಜಗಳವಾಡಿದವಳು ನಾನು. ಆದ್ದರಿಂದ ಹೆಚ್ಚಿನ ಹಕ್ಕೂ ನನ್ನದೇ ಎಂದು ಇಂದಿಗೂ ಸಾಧಿಸುತ್ತೇನೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಮ್ಮಮ್ಮ ಬೈಯುತ್ತಲೇ ಇರುತ್ತಿದ್ದಳು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಲಕ್ಷ್ಮೇಶ್ವರದಿಂದ ಬಂದು ಗದಗಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದೆ. ಅಂಗಡಿಕಾರರೆಲ್ಲ ಹಳೆಯ ಲೆಟರ್‌ಹೆಡ್ ಹಿಡಿದು ಬಂದು "ಜಿಲ್ಲಾ ಧಾರವಾಡ ತಗದು ಜಿಲ್ಲಾ ಗದಗ ಹಾಕ್ರಿ, ಜಲ್ದಿ ಬೇಕ್ರಿ" ಎನ್ನುತ್ತಿದ್ದ ಕಾಲ. ಅದು ಮುಗಿದರೆ ಲಗ್ನಪತ್ರಿಕೆ, ಅದು ಮುಗಿದರೆ ಯಾರದೋ ಗೃಹಪ್ರವೇಶ. ದಿನವಿಡೀ ಬೇರೆಯವರ ಮಾತು ನನ್ನ ಬೆರಳ ತುದಿಯಲ್ಲಿ. ಅಷ್ಟು ಅಕ್ಷರಗಳ ನಡುವೆ ನನ್ನದೆಂಬ ಒಂದು ಸಾಲೂ ಇರಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆಟ ತಂದವನು ಕರಾವಳಿಯ ಒಬ್ಬ ಎಂಜಿನಿಯರ್. ಕಪ್ಪತಗುಡ್ಡದ ಕಡೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು ನಿಲ್ಲಿಸುವ ಕೆಲಸಕ್ಕೆ ಬಂದು ಅಲ್ಲೇ ಹತ್ತಿರದ ಡೋಣಿ ಎಂಬ ಊರಿನಲ್ಲಿ ಕೋಣೆ ಹಿಡಿದಿದ್ದ. ಕಾಗದಪತ್ರ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬರುತ್ತಿದ್ದವನು ಒಂದು ದಿನ ಚೀಲದಿಂದ ಇಪ್ಪತ್ತು ಮುಖದ ದಾಳ ತೆಗೆದು ಟೇಬಲ್ಲಿನ ಮೇಲೆ ಉರುಳಿಸಿದ. ಕವಡೆ ಬಿಟ್ಟರೆ ಬೇರೇನೂ ಉರುಳಿಸಿ ಗೊತ್ತಿಲ್ಲದ ನಾನು ಬಾಯಿಬಿಟ್ಟು ನೋಡಿದೆ. ಈ ಆಟಕ್ಕೆ ಹಾಸೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗಿನ ವೀರರಾಗಿ "ನಾನು ಹೀಗೆ ಮಾಡುತ್ತೇನೆ" ಎನ್ನುತ್ತಾರೆ. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ, ಅಂಕ ದೊಡ್ಡದಾದಷ್ಟೂ ಒಳ್ಳೆಯದು. ಕತೆ ಹೇಳುವವನನ್ನು ನಾವು ಸಾರಥಿ ಎಂದು ಕರೆದೆವು. ನಮ್ಮ ಕಡೆಯ ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದೊಡನೆ "ತಾವು ಯಾರು, ಎಲ್ಲಿಂದ ಬಂದಿರಿ" ಎಂದು ಕೇಳುವವನು ಸಾರಥಿ. ಇವನೂ ಆಟ ಶುರುವಾದೊಡನೆ ಅದನ್ನೇ ಕೇಳುತ್ತಿದ್ದ.

ನನ್ನ ಜೊತೆ ಕುಲ ಹುಟ್ಟಿಸಿದ ಉಳಿದಿಬ್ಬರಲ್ಲಿ ಒಬ್ಬಳು ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಪ್ರೆಸ್ಸಿನಲ್ಲಿ ನನ್ನ ಪಕ್ಕದಲ್ಲೇ ಪ್ರೂಫ್ ನೋಡುತ್ತಿದ್ದ ಗೆಳತಿ. ಇನ್ನೊಬ್ಬ ಬೆಳ್ಳಟ್ಟಿಯ ರೈತರ ಮಗ, ಶಿರಹಟ್ಟಿಯಲ್ಲಿ ಬೀಜದ ಅಂಗಡಿ ಇಟ್ಟವನು. ಹ್ಯಾಂಡ್‌ಬಿಲ್ ಮಾಡಿಸಲು ಬಂದವನು ದಾಳ ನೋಡಿ ಅಲ್ಲೇ ಕೂತುಬಿಟ್ಟ. ಅಮಾವಾಸ್ಯೆಗೆ ಗೆಳತಿಯ ಮನೆಯ ಮಗ್ಗಗಳು ನಿಲ್ಲುತ್ತಿದ್ದವು, ನಮ್ಮ ಪ್ರೆಸ್ಸಿಗೂ ಅಂದೇ ರಜೆ. ಆ ಮಗ್ಗದ ಕೋಣೆಯಲ್ಲೇ ನಮ್ಮ ಆಟ. ಆಕೆಯ ಅವ್ವ ಬಾಗಿಲ ಬಳಿ ಕೂತು ಮಂಡಕ್ಕಿ ಹಚ್ಚಿ ಕೊಡುತ್ತ, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಮಂದಿ" ಎಂದು ನಗುತ್ತಿದ್ದಳು.

ಸಾರಥಿಯ ಬಳಿ ಅವನೇ ಬಿಡಿಸಿದ ಒಂದು ಲೋಕದ ನಕಾಶೆ ಇತ್ತು. ಹುಬ್ಬಳ್ಳಿ, ಮಂಗಳೂರಿನ ಅವನ ಗೆಳೆಯರೂ ಅದೇ ಲೋಕದಲ್ಲಿ ಆಡುತ್ತಿದ್ದರು. ದಕ್ಷಿಣದ ಒಂದು ಮೂಲೆ ಮಾತ್ರ ಖಾಲಿ.

"ಇಲ್ಲಿಗೆ ಡ್ರ್ಯಾಗನ್ನಿನ ಹಾಗಿನ ವೀರರ ಕುಲವೊಂದು ಬೇಕು, ನೀವೇ ಮಾಡಿ," ಎಂದ. "ಮೊದಲ ಯುದ್ಧದಲ್ಲಿ ಕುಲ ಉಳಿದರೆ ನಕಾಶೆಗೆ ಸೇರ್ತದೆ, ಎಲ್ಲ ಊರಿನವರೂ ಆಡ್ತಾರೆ. ಅಳಿದರೆ ಅಳಿಯಿತು. ನನ್ನ ಲೋಕದಲ್ಲಿ ಸತ್ತ ಕುಲ ಮತ್ತೆ ಹುಟ್ಟುವುದಿಲ್ಲ, ಆಯ್ತಾ?"

ನನಗೆ ಅಂದು ನಿದ್ದೆಯೇ ಹತ್ತಲಿಲ್ಲ. ನಾನು ಬರೆದದ್ದನ್ನು ನಾನೇ ಜೋಡಿಸಿ ಅಚ್ಚು ಹಾಕುವುದು, ಕಾಣದ ಊರಿನವರು ಅದನ್ನು ಆಡುವುದು! ಬೇರೇನೂ ಬೇಡವಾಗಿತ್ತು ನನಗೆ.

ಮೊದಲ ಜಗಳ ಡ್ರ್ಯಾಗನ್ನಿನ ಮೇಲೆಯೇ. ಸಾರಥಿ ಕೊಟ್ಟ ಚಿತ್ರದಲ್ಲಿ ರೆಕ್ಕೆ, ಬೆಂಕಿ, ಬಂಗಾರದ ರಾಶಿಯ ಮೇಲೆ ನಿದ್ದೆ.

"ಇದನ್ನ ಯಾರ್ ನೋಡ್ಯಾರ?" ಎಂದ ಬೆಳ್ಳಟ್ಟಿಯವನು. "ನಾವು ಉಡ ನೋಡೇವಿ. ಗುಡ್ಡದಾಗ ಬಂಡಿಗಲ್ಲಿಗೆ ಹತ್ತಿದ್ರ ಎತ್ತು ಹಚ್ಚಿ ಜಗ್ಗಿದ್ರೂ ಬರಂಗಿಲ್ಲ."

ಹಾಗೆ ನಮ್ಮ ವೀರರು ಉಡದ ಮೈ, ಉಡದ ಪಟ್ಟು ಪಡೆದರು. ಉಡದಂಥ ಕಲಿ, ಉಡಗಲಿ ಎಂಬ ಹೆಸರು ಕೊಟ್ಟವಳು ನಾನು. ಅದರಲ್ಲಿ ಯಾರಿಗೂ ಪಾಲಿಲ್ಲ. ಉಡದ ಹಾಗೆಯೇ ತತ್ತಿ ಇಡುವ ಕುಲ, ಯಾರ ತತ್ತಿಯಾದರೂ ಊರೆಲ್ಲ ಕಾಯಬೇಕು ಎಂದು ಸೇರಿಸಿದವಳು ಗೆಳತಿ. ಬೆಂಕಿ ಉಗುಳಿಸೋಣ ಎಂದು ನಾನು ಹಟ ಹಿಡಿದೆ. ಬೆಳ್ಳಟ್ಟಿಯವನು ಹೌಹಾರಿದ.

"ಹುಚ್ಚಗಿಚ್ಚ ಹಿಡದೈತೇನು? ಸುಗ್ಗ್ಯಾಗ ಒಬ್ಬಾಂವ ಸೀನಿದ್ರ ಬಣವಿ ಅಷ್ಟೂ ಬೂದಿ ಅಕ್ಕೈತಿ. ಬೆಂಕಿ ಉಗುಳೋ ಮಂದಿ ಒಕ್ಕಲತನ ಮಾಡೋದು ಹೆಂಗ?"

ಅದೂ ಖರೆಯೇ. ಬೆಂಕಿಯ ಬದಲು ಮೆಣಸಿನಕಾಯಿ ಹುರಿದ ಘಾಟು ಕೊಟ್ಟೆವು. ಉಡಗಲಿ ಉಸಿರು ಬಿಟ್ಟರೆ ವೈರಿಗೆ ಕಣ್ಣೀರು, ಕೆಮ್ಮು. ಒಗ್ಗರಣೆಯ ಹೊತ್ತಿನಲ್ಲಿ ನಮ್ಮಮ್ಮನ ಅಡುಗೆಮನೆಗೆ ಹೋಗಿ ಬಂದವರಿಗೆ ಆ ಆಯುಧದ ಬಲ ಗೊತ್ತಿರುತ್ತದೆ.

ಉಡಗಲಿಗಳ ದಿನಚರಿ ಬರೆದವನು ಬೆಳ್ಳಟ್ಟಿಯವನು. ಯಾವಾಗ ಏಳುತ್ತಾರೆ, ಏನು ಉಣ್ಣುತ್ತಾರೆ, ಆಯುಧಕ್ಕೆ ಎಣ್ಣೆ ಯಾವಾಗ. ಅದರ ನಡುವೆ ಒಂದು ಸಾಲು: ಸೋಮವಾರ ಉಡಗಲಿ ಆಯುಧ ಎತ್ತುವುದಿಲ್ಲ. ನಾನು ಆ ಸಾಲನ್ನು ಜೋಡಿಸಿದೆ, ಗೆಳತಿ ಪ್ರೂಫ್ ನೋಡಿದಳು, ಇಬ್ಬರ ಕಣ್ಣಿಗೂ ಅದು ವಿಶೇಷವಾಗಿ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮಪ್ಪನಿಗೆ ಕಾಳಿನ ವ್ಯಾಪಾರದ ಜೊತೆ ಒಂದಿಷ್ಟು ಹೊಲವೂ ಇತ್ತು. ಆತ ಶುಕ್ರವಾರದ ನಮಾಜು ಬಿಟ್ಟವನೂ ಅಲ್ಲ, ಸೋಮವಾರ ಎತ್ತು ಹೂಡಿದವನೂ ಅಲ್ಲ. ಊರ ರೂಢಿ ಎಂದರೆ ಎಲ್ಲರದು. ಲೋಕದಲ್ಲೆಲ್ಲ ಹೀಗೇ ಎಂದು ನಾವು ಮೂವರೂ ತಿಳಿದಿದ್ದೆವು.

ಅಚ್ಚಾದ ಹಾಳೆಗಳನ್ನು ಓದುತ್ತಿದ್ದ ಸಾರಥಿ ಆ ಸಾಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಂತ ಮಾರಾಯ್ತಿ ಇದು? ಯುದ್ಧ ಮಾಡುವವರಿಗೆ ವಾರದ ರಜೆಯಾ? ಯಾಕೆ?"

"ಯಾಕಂದ್ರ?" ಎಂದ ಬೆಳ್ಳಟ್ಟಿಯವನು ಕಣ್ಣರಳಿಸಿ. "ಸೋಮವಾರಲ್ಲರೀ!"

ಅದಕ್ಕಿಂತ ದೊಡ್ಡ ಕಾರಣ ನಮಗೂ ಹೊಳೆಯಲಿಲ್ಲ. ಸಾರಥಿ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನಾವು ಯೋಚಿಸಲೇ ಇಲ್ಲ.

ಮುಂದಿನ ಅಮಾವಾಸ್ಯೆಗೆ ಯುದ್ಧ. ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿ ಕೂತೆವು. ಸಾರಥಿ ನಕಾಶೆ ಬಿಚ್ಚಿದ, ಖಾಲಿ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗುಡ್ಡ, ಗುಡ್ಡದ ಮೇಲೊಂದು ಕೋಟೆ ಗೀರಿದ.

"ಉಡಗಲಿಗಳ ಇಡೀ ಕುಲ ಈ ಕೋಟೆಯಲ್ಲಿದೆ. ಮುದುಕರು, ಮಕ್ಕಳು, ತತ್ತಿ ಎಲ್ಲ. ಬೆಳಗಾಗುವ ಹೊತ್ತಿಗೆ ಕಬ್ಬಿಣದ ಪಡೆ ಬಂದು ಮುಂದಿನ ಬಾಗಿಲು ಮುತ್ತಿದೆ. ಅವರು ಯಾರನ್ನೂ ಉಳಿಸುವವರಲ್ಲ." ಮೆಲ್ಲಗೆ ಸೇರಿಸಿದ, "ಇವತ್ತು ಸೋಮವಾರ."

ನನ್ನ ಮೈಯೆಲ್ಲ ಉರಿದುಹೋಯಿತು. "ಇದು ಮೋಸರೀ!" ಎಂದು ಕೂಗಿದೆ.

"ಮೋಸ ಎಂತದು? ವೈರಿಗಳಿಗೂ ನಿಮ್ಮ ರೂಢಿ ಗೊತ್ತಾಗಿದೆ, ಅಷ್ಟೆ. ಬೇಕಿದ್ರೆ ಆ ಸಾಲು ಹೊಡೆದುಹಾಕಿ. ನಾನು ಬೇಡ ಅನ್ನುವುದಿಲ್ಲ."

ಗೆಳತಿ ಆಗಲೇ ಪೆನ್ನಿನ ಟೋಪಿ ತೆಗೆದಿದ್ದಳು. "ಹೊಡದು ಹಾಕೂಣು. ಒಂದ್ ಸಾಲಿನ ಸಲುವಾಗಿ ಕುಲಾನ ಕಳ್ಕೊಳ್ಳೋದೇನು?"

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಅಷ್ಟು ತಿಂಗಳ ಕೆಲಸ, ನನ್ನ ಮೊದಲ ಅಕ್ಷರಗಳು, ಸಂಜೆಯೊಳಗೆ ರಬ್ಬರಿನ ಪುಡಿಯಾಗಿ ಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಬೆಳ್ಳಟ್ಟಿಯವನ ಮುಖ ನೋಡಿದೆ. ಅವನು ಚಾಪೆಯ ಅಂಚು ಕೀಳುತ್ತಿದ್ದ. ಅದನ್ನು ನೋಡಿ ನನಗೆ ಹಟ ಏರಿತು. ಸಾರಥಿಯ ಮೇಲಿನ ಸಿಟ್ಟನ್ನೆಲ್ಲ ಗೆಳತಿಯ ಮೇಲೆ ಹಾಕಿದೆ.

"ನಿಮ್ಮ ಮಗ್ಗ ಇವತ್ತ ಯಾಕ ನಿಂತೈತಿ? ದೊಡ್ಡ ಗಿರಾಕಿ ಬಂದು ಜಲ್ದಿ ಸೀರಿ ಬೇಕಂದ್ರ ಅಮಾಸಿ ದಿನ ಮಗ್ಗ ಹಿಡೀತೀಯೇನು?"

"ಅದು ಬ್ಯಾರೆ."

"ಏನ್ ಬ್ಯಾರೆ? ವೈರಿ ಬಂದಕೂಡ್ಲೆ ಬಿಡೋದಾದ್ರ ಅದೇನ್ ರೂಢಿ? ಅಂಥಾ ಕುಲ ಉಳದು ಏನ್ ಮಾಡೋದೈತಿ?"

ಆಕೆ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಪೆನ್ನಿಗೆ ಟೋಪಿ ಹಾಕಿ, "ಸಾಯ್ರಿ ಹಂಗಾರ, ನಾನೂ ಸಾಯ್ತೀನಿ," ಎಂದಳು. ಸಾಲು ಉಳಿಯಿತು.

"ಹಾಗಾದರೆ ಉಡಗಲಿಗಳು ಸುಮ್ಮನೆ ಕೂತಿರ್ತಾರಾ?" ಎಂದು ಸಾರಥಿ ಕೇಳಿದ.

ಬೆಳ್ಳಟ್ಟಿಯವನು ತಲೆ ಎತ್ತಿದ. "ಯಾರ್ ಹೇಳಿದ್ರು ನಿಮಗ? ಸೋಮವಾರ ನಮ್ಮಪ್ಪ ಸುಮ್ನ ಕುಂಡ್ರತಾನೇನು? ಹೂಡಂಗಿಲ್ಲ ಅಷ್ಟ. ಹಗ್ಗ ಹೊಸೀತಾನ, ಬದು ಕಟ್ಟತಾನ, ಹೊರಿ ಹೊರತಾನ. ಸೋಮವಾರಕ್ಕ ಬ್ಯಾರೆ ಕೆಲಸ ರಗಡ ಇರ್ತಾವು!"

ಅವನ ಬಾಯಿಂದ ಆ ಮಾತು ಬೀಳುವುದೇ ತಡ, ಮೂವರಿಗೂ ಒಟ್ಟಿಗೆ ಹೊಳೆಯಿತು. ಕೋಟೆಯ ಹಿಂದೆ ನೇರ ಕಡಿದಾದ ಬಂಡೆ. ಮನುಷ್ಯರಾದವರು ಇಳಿಯಲಾರರು, ಕಬ್ಬಿಣ ತೊಟ್ಟವರು ಹತ್ತಲಾರರು. ಉಡಕ್ಕೇನು? ನಾನು ಹಗ್ಗ ಹೊಸೆಸಿದೆ. ಬೆಳ್ಳಟ್ಟಿಯವನು ಮುಂದಿನ ಬಾಗಿಲಿಗೆ ಒಳಗಿನಿಂದ ಕಲ್ಲು ಮಣ್ಣು ತುಂಬಿಸಿ ಬದು ಹಾಕಿಸಿದ. ಗೆಳತಿ ಮುದುಕರನ್ನು, ಮಕ್ಕಳನ್ನು ವೀರರ ಬೆನ್ನಿಗೆ ಕಟ್ಟಿಸಿ ಬಂಡೆಯ ಬುಡದ ಗವಿಗೆ ಇಳಿಸತೊಡಗಿದಳು. ದಾಳ ಉರುಳಿತು, ಮತ್ತೆ ಉರುಳಿತು.

"ಬಾಗಿಲು ಅಲುಗಾಡ್ತಾ ಇದೆ. ಘಾಟು ಬಿಡುವುದಿಲ್ಲವಾ?" ಎಂದು ಸಾರಥಿ ಆಸೆ ತೋರಿಸಿದ.

"ಘಾಟೂ ಆಯುಧನ," ಎಂದ ಬೆಳ್ಳಟ್ಟಿಯವನು. "ಇವತ್ತ ಬ್ಯಾಡ."

ಕೊನೆಗೆ ತತ್ತಿಯ ಬುಟ್ಟಿಗಳು ಉಳಿದವು. ನಾನು ದಾಳ ಹಾಕಿದೆ. ಎಂಥ ಕೆಟ್ಟ ಕೈ ನನ್ನದು! ಹಗ್ಗ ಹರಿಯಿತು, ಬುಟ್ಟಿ ಹೊತ್ತವಳು ಜಾರಿದಳು ಎಂದ ಸಾರಥಿ. ಹಿಡಿಯುವ ಅವಕಾಶ ಗೆಳತಿಗೆ ಮಾತ್ರ ಇತ್ತು. ಬಾಗಿಲಲ್ಲಿ ಕೂತಿದ್ದ ಆಕೆಯ ಅವ್ವ ಮಂಡಕ್ಕಿ ತಾಟು ಬದಿಗಿಟ್ಟು, "ಯವ್ವಾ, ತತ್ತಿ!" ಎಂದು ಎದ್ದು ನಿಂತುಬಿಟ್ಟಳು.

"ಉಡ ಹಿಡದ್ರ ಕೈ ಕಿತ್ತು ಬಂದ್ರೂ ಬಿಡಂಗಿಲ್ಲ," ಎಂದು ಗೆಳತಿ ಹಲ್ಲು ಕಚ್ಚಿ ದಾಳ ಎಸೆದಳು. ಅದು ಮಗ್ಗದ ಕಾಲಿಗೆ ಬಡಿದು, ತಿರುಗಿ ತಿರುಗಿ ನಿಂತಿತು. ಇಪ್ಪತ್ತು! ನಾವು ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯಿತೆಂದು ಖಬರು ಕೇಳಲು ಬಂದರು.

ಬಾಗಿಲು ಮಾತ್ರ ಉಳಿಯಲಿಲ್ಲ. "ಹೊತ್ತು ಮುಳುಗುವಾಗ ಕಬ್ಬಿಣದ ಪಡೆ ಪೂರ್ತಿ ಒಳಗೆ ನುಗ್ಗಿತು. ಕೋಟೆ ಬಿತ್ತು," ಎಂದ ಸಾರಥಿ. ಅವನ ದನಿಯಲ್ಲಿ ಬೇಸರವಿತ್ತು. ನಮ್ಮ ಕುಲ ಅವನಿಗೂ ಹಿಡಿಸಿತ್ತು ಎಂದು ನನಗೆ ಆಗ ತಿಳಿಯಿತು. ಅವನು ರಬ್ಬರು ಕೈಗೆತ್ತಿಕೊಂಡ.

"ತಡೀರಿ," ಎಂದೆ. "ಕೋಟಿ ಬಿತ್ತು, ಖರೆ. ಉಡಗಲಿ ಎಷ್ಟ ಮಂದಿ ಸತ್ತರು?"

ಅವನು ಹಾಳೆ ನೋಡಿದ. ಮತ್ತೊಮ್ಮೆ ನೋಡಿದ. "ಯಾರೂ ಇಲ್ಲ."

"ತತ್ತಿ?"

"ಒಂದೂ ಒಡೆದಿಲ್ಲ."

"ಈಗ ಅವರೆಲ್ಲ ಎಲ್ಲದಾರ?"

"ಮುದುಕರು, ಮಕ್ಕಳು ಕೆಳಗಿನ ಗವಿಯಲ್ಲಿ. ಉಳಿದವರು ಕೋಟೆಯ ಸುತ್ತ, ಬಂಡೆಗಳ ಮೇಲೆ..." ಎಂದವನು ಅರ್ಧಕ್ಕೇ ನಿಂತ. ಬಾಗಿಲು ಮುರಿದ ಕೋಟೆ, ಅದರೊಳಗೆ ಇಡೀ ಪಡೆ, ಸುತ್ತಲೂ ಒಬ್ಬರೂ ಕಡಿಮೆಯಾಗದ, ಎದೆತುಂಬ ಘಾಟು ಹಿಡಿದಿಟ್ಟ ನನ್ನ ಉಡಗಲಿಗಳು. ಅವನ ಕೈಯ ರಬ್ಬರು ಹಾಗೇ ಕೆಳಗಿಳಿಯಿತು. ಒಂದು ಸಾಲೂ ಅಳಿಸದೆ ಅವರನ್ನು ಅಲ್ಲಿಯವರೆಗೆ ತಂದಿದ್ದೆವು.

"ಬೆಳಕು ಹರೀತೇನ್ರಿ?" ಎಂದು ಕೇಳಿದೆ.

"ಹರೀತು."

"ಇವತ್ತ ಯಾವ ವಾರ್ರಿ, ಸಾರಥಿ?"

ಅವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. "ಮಂಗಳವಾರ, ಮಾರಾಯ್ತಿ."

ಬೆಳ್ಳಟ್ಟಿಯವನು ತೊಡೆ ತಟ್ಟಿ ಎದ್ದ. "ಹೂಡ್ರಿ ಹಂಗಾರ!"