ನರಸಿಂಹಯ್ಯನವರ ಮಗಳ ಫೋಟೋ

ಖುರ್ಷಿದ್ ಪಾಷಾನಿಗೆ ಗುಬ್ಬಿಯಲ್ಲಿ ಎರಡು ಹೆಸರಿದ್ದವು. ತನಗೆ ತಾನೇ ಇಟ್ಟುಕೊಂಡದ್ದು ಕಲಾವಿದ. ಊರವರು ಕರೆಯುತ್ತಿದ್ದದ್ದು ರಂಗಣ್ಣನ ಸ್ಟುಡಿಯೋ ಹುಡುಗ. ತಿಂಗಳ ಸಂಬಳ ಮಾತ್ರ ಎರಡನೆಯ ಹೆಸರಿಗೇ ಬರುತ್ತಿತ್ತು.

ಎಪ್ಪತ್ತೆಂಟರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಫೋಟೋ ತೆಗೆಸಿಕೊಳ್ಳಲು ಬರುವ ನಾಲ್ಕೈದು ಮನೆಯವರಿಗಾಗಿ ಅವನು ಪರದೆಯ ಮುಂದೆ ಬಣ್ಣದ ಕಾಗದದ ಸರ ಕಟ್ಟಿ, ನಡುವೆ ಬಿದಿರುಕಡ್ಡಿಯ ದೊಡ್ಡ ನಕ್ಷತ್ರ ತೂಗಿಬಿಟ್ಟು, ಒಳಗೊಂದು ಬಲ್ಬು ಹಾಕಿದ್ದ. ಹಬ್ಬ ಮುಗಿದ ಮೇಲೆ ಬಿಚ್ಚಬೇಕಿತ್ತು. ಏಣಿ ಪಕ್ಕದ ಸೈಕಲ್ ಶಾಪಿನವನದು, ಕೇಳಲು ಹೋದರೆ ಅವನ ಸೊಂಟನೋವಿನ ಕಥೆಯನ್ನೂ ಕೇಳಬೇಕು. ಈ ಕಾರಣ ಸಂಕ್ರಾಂತಿಯವರೆಗೆ ಸಾಕಾಯಿತು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಹಳ್ಳಿಯಿಂದ ಬಂದವರೆಲ್ಲ ಆ ನಕ್ಷತ್ರದ ಕೆಳಗೇ ನಿಲ್ಲುತ್ತೇವೆಂದು ಹಟ ಹಿಡಿದರು. ಗಂಗಹನುಮಯ್ಯ ಹೊಸ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೆಳಗೆ ಕೂತ. ಚಾಂದ್ ಬೀ ಮೊಮ್ಮಗನಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದಳು. ಇರಲಿ ಬುಡು ಅಂದ ರಂಗಣ್ಣ. ಸೋಮಾರಿತನಕ್ಕೆ ಯಜಮಾನನ ಒಪ್ಪಿಗೆಯೂ ಸಿಕ್ಕಿದ ಮೇಲೆ ಕಲಾವಿದನಿಗೆ ಇನ್ನೇನು ಬೇಕು?

ಯುಗಾದಿಗೆ ಮೂರು ವಾರವಿತ್ತು. ಮಿಡ್ಲ್ ಸ್ಕೂಲಿನ ನರಸಿಂಹಯ್ಯ ಮೇಷ್ಟ್ರು ಮಗಳು ಕಮಲಳನ್ನು ಕರೆದುಕೊಂಡು ಬಂದರು. ಖುರ್ಷಿದ್‌ಗೆ ಮಗ್ಗಿ ಕಲಿಸಿದವರು ಅವರೇ. ಕಮಲಳಿಗೆ ಇಪ್ಪತ್ತಾರು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಈಗ ಕುಣಿಗಲ್ಲಿನ ಅನಂತರಾಮಯ್ಯನವರ ಮಗನ ಜಾತಕಕ್ಕೆ ಇವಳದು ಕೂಡಿಬಂದಿತ್ತು. ಫೋಟೋ ಒಂದು ಕಳಿಸಿದರೆ ಅವರು ಹೆಣ್ಣು ನೋಡಲು ಬರುವುದೆಂದು ಮಾತಾಗಿತ್ತು. ಮೇಷ್ಟ್ರು ಬಾಗಿಲ ಬಳಿಯೇ ನಿಂತು, ಮುಖ ಲಕ್ಷಣವಾಗಿ ಬರಲಿ ಎಂದಷ್ಟೇ ಹೇಳಿದರು.

ಮುಖ ಮಾತ್ರ ತೆಗೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಖುರ್ಷಿದ್ ಎರಡು ಹೆಜ್ಜೆ ಹಿಂದೆ ಹೋದ. ಹಿಂದೆ ಹೋದಾಗ ನಕ್ಷತ್ರ ಅವಳ ತಲೆಯ ಮೇಲೆ ಕಿರೀಟದಂತೆ ಕೂತಿತು. ಅದರ ಬೆಳಕು ಕೆನ್ನೆಯ ಮೇಲೆ ಬಿತ್ತು. ಅಂಥ ಫೋಟೋವನ್ನು ತಾನು ಹಿಂದೆಂದೂ ತೆಗೆದಿಲ್ಲವೆಂದು ಡಾರ್ಕ್‌ರೂಮಿನಲ್ಲಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಹನ್ನೆರಡನೆಯ ದಿನ ಮೇಷ್ಟ್ರು ಒಬ್ಬರೇ ಬಂದರು. ಮೇಜಿನ ಮೇಲೆ ಅವರು ಆ ಫೋಟೋ ಇಟ್ಟಾಗ, ಇನ್ನೆರಡು ಕಾಪಿ ಕೇಳುತ್ತಾರೆಂದು ಖುರ್ಷಿದ್ ನಗುನಗುತ್ತಾ ಕವರ್ ತೆಗೆದುಕೊಂಡ. ಮೇಷ್ಟ್ರು ನಕ್ಷತ್ರದ ಮೇಲೆ ಬೆರಳಿಟ್ಟರು.

"ನಮ್ಮನೇಲಿ ಐದು ಜನ ನೋಡಿದ್ವಪ್ಪ, ಒಬ್ಬರ ಕಣ್ಣಿಗೂ ಇದು ಬೀಳ್ಲಿಲ್ಲ. ನಾವೆಲ್ಲ ಹುಡುಗೀನ ನೋಡ್ತಿದ್ವಿ. ಅವರು ಇದನ್ನೇ ಮೊದ್ಲು ನೋಡವ್ರೆ."

ಕಮಲ ಟೀಚರ್ ಟ್ರೇನಿಂಗ್ ಮಾಡಿದ್ದು ತುಮಕೂರಿನಲ್ಲಿ, ಪಾದ್ರಿಗಳ ಹಾಸ್ಟೆಲಿನಲ್ಲಿದ್ದುಕೊಂಡು. ಕುಣಿಗಲ್ಲಿನವರಿಗೆ ಅದು ಗೊತ್ತಿತ್ತು. ಫೋಟೋ ಮನೆಯಲ್ಲೇ ತೆಗೆದದ್ದೆಂದುಕೊಂಡರು. ಮಾರ್ಚ್ ತಿಂಗಳಲ್ಲಿ ಯಾರ ಮನೆಯಲ್ಲಿ ಕ್ರಿಸ್‌ಮಸ್ ನಕ್ಷತ್ರ ಇರುತ್ತದೆ? ಹುಡುಗಿ ಒಳಗೊಳಗೇ ಆ ಮತಕ್ಕೆ ಸೇರಿದ್ದಾಳೆ, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದು ಲೆಕ್ಕ ಹಾಕಿ, ಜಾತಕ ಫೋಟೋ ಎರಡನ್ನೂ ವಾಪಸ್ ಕಳಿಸಿದ್ದರು. ತಾವು ಬರೆದ ಉತ್ತರಕ್ಕೂ ಜವಾಬು ಬಂದಿಲ್ಲವೆಂದು ಮೇಷ್ಟ್ರು ಹೇಳಿದರು. ಬೈಯಲಿಲ್ಲ. ಮಗ್ಗಿ ತಪ್ಪಿದಾಗ ಕಿವಿ ಹಿಂಡುತ್ತಿದ್ದ ಮನುಷ್ಯ ಈಗ ಸುಮ್ಮನೆ ಹೊರಟುಹೋದದ್ದರಿಂದ ಖುರ್ಷಿದ್‌ಗೆ ಹೆಚ್ಚು ನೋವಾಯಿತು.

ತಪ್ಪು ತನ್ನದು, ಸರಿಪಡಿಸುವವನೂ ತಾನೇ ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ಕೇಳುವ ಬುದ್ಧಿ ಇದ್ದವನು ಏಣಿಯನ್ನಾದರೂ ಕೇಳುತ್ತಿದ್ದ. ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಜನವರಿಯಿಂದ ಆ ನಕ್ಷತ್ರದ ಕೆಳಗೆ ತೆಗೆದ ಫೋಟೋಗಳಲ್ಲಿ ಇಪ್ಪತ್ತನ್ನು ಆರಿಸಿ, ತುಮಕೂರಿನಲ್ಲಿ ಬಸ್ ಬದಲಿಸಿ ಕುಣಿಗಲ್ ಸೇರಿದ.

ಅನಂತರಾಮಯ್ಯ ಮರ್ಯಾದಸ್ಥರು. ಜಗಲಿಯ ಮೇಲೆ ಕೂರಿಸಿ ನೀರು ಕೊಡಿಸಿದರು. ಖುರ್ಷಿದ್ ಫೋಟೋಗಳನ್ನು ಒಂದೊಂದಾಗಿ ಹರಡಿದ. ರೇಡಿಯೋ ಹಿಡಿದ ಗಂಗಹನುಮಯ್ಯ, ಚಾಂದ್ ಬೀಯ ಮೊಮ್ಮಗ, ಯಡಿಯೂರಿನ ಗುಡಿಗೆ ಹೊರಟು ನಿಂತ ವಿಭೂತಿಯ ದಂಪತಿ, ಎಲ್ಲರ ತಲೆಯ ಮೇಲೂ ಅದೇ ನಕ್ಷತ್ರ. ಹಿರಿಯರು ಕನ್ನಡಕ ಏರಿಸಿ ನೋಡಿದರು, ಗಂಗಹನುಮಯ್ಯನ ಮೀಸೆಗೆ ನಕ್ಕರು, ತಾವು ಆತುರಪಟ್ಟೆವೇನೋ ಎಂದೂ ಅಂದರು. ಗೆದ್ದೆನೆಂದುಕೊಂಡ ಖುರ್ಷಿದ್ ಅಲ್ಲಿಗೇ ಎದ್ದುಬರಬೇಕಿತ್ತು. ಕಮಲಮ್ಮನಂಥ ಹೆಣ್ಣುಮಗಳು ಸಿಗುವುದು ಕಷ್ಟ, ಅವರ ಗುಣ ತಾನು ಚಿಕ್ಕಂದಿನಿಂದ ಬಲ್ಲೆ ಎಂದು ಮುಂದುವರಿಸಿದ.

ಅನಂತರಾಮಯ್ಯ ಫೋಟೋಗಳನ್ನು ಮೆಲ್ಲಗೆ ಜೋಡಿಸಿ ಅವನ ಕೈಗೆ ಕೊಟ್ಟರು.

"ಫೋಟೋ ತೆಗೆಯೋರು ತುಂಬಾ ಜನ ಇದಾರಪ್ಪ. ಬಸ್ ಹತ್ಕೊಂಡು ಇಷ್ಟು ದೂರ ಬಂದವ್ರನ್ನ ನಾನು ಕಂಡಿಲ್ಲ. ಆ ಹುಡುಗಿ ಮೇಲೆ ನಿನಗ್ಯಾಕೆ ಇಷ್ಟು ಕಾಳಜಿ?"

ಉತ್ತರ ಸುಲಭವಿತ್ತು, ಅವಳ ಅಪ್ಪ ನನಗೆ ಕಲಿಸಿದ ಮೇಷ್ಟ್ರು ಎಂದರೆ ಸಾಕಿತ್ತು. ಆದರೆ ಖುರ್ಷಿದ್‌ನ ಮುಖ ಕೆಂಪಾಯಿತು. ಗಾಬರಿಗೋ, ಅವಮಾನಕ್ಕೋ, ಅಥವಾ ಆ ಪ್ರಶ್ನೆಯನ್ನು ತಾನೇ ತನಗೆ ಯಾವತ್ತೂ ಕೇಳಿಕೊಂಡಿರಲಿಲ್ಲವೆಂಬುದಕ್ಕೋ, ಅವನಿಗೂ ತಿಳಿಯಲಿಲ್ಲ. ಹಿರಿಯರು ನೋಡಬೇಕಾದದ್ದನ್ನು ನೋಡಿಯಾಗಿತ್ತು. ಹೋಗಿ ಬಾ ಎಂದರು.

ಗುಬ್ಬಿಗೆ ಬಂದು ಎರಡು ದಿನ ಬಿಟ್ಟು ನಕ್ಷತ್ರ ಬಿಚ್ಚಲು ಹೋದ. ರಂಗಣ್ಣ ಬಿಡಲಿಲ್ಲ. ಕುಣಿಗಲ್ಲಿನ ಸುದ್ದಿ ಅಷ್ಟರಲ್ಲೇ ನೆಂಟರ ಬಾಯಲ್ಲಿ ಊರಿಗೆ ಬಂದಿತ್ತು. ಈಗ ಬಿಚ್ಚಿದರೆ ಅವನಿಗೂ ಕಮಲಳಿಗೂ ನಡುವೆ ಏನೋ ಇತ್ತು ಅಂತ ಜನ ಗಟ್ಟಿ ಮಾಡಿಕೊಳ್ಳುತ್ತಾರೆ, ಮುಂದಿನ ಕ್ರಿಸ್‌ಮಸ್‌ವರೆಗೂ ಅದು ಅಲ್ಲೇ ಇರಲಿ ಎಂದು ಗದರಿದ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಸ್ಟುಡಿಯೋ ಎದುರಿನ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಕಮಲ ರಸ್ತೆ ದಾಟಿ ಬಂದಳು. ಫೋಟೋಕ್ಕೆ ಉಟ್ಟಿದ್ದ ಅದೇ ಸೀರೆ.

"ನನ್ನ ನೆಗೆಟಿವ್ ಕೊಡು. ಅಪ್ಪ ತುಮಕೂರಲ್ಲಿ ಬೇರೆ ತೆಗೆಸ್ತಾರಂತೆ."

ಅವನು ಹುಡುಕಿ ಕೊಟ್ಟ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಫಿಲ್ಮಿನಲ್ಲಿ ಕೂದಲೆಲ್ಲ ಬೆಳ್ಳಗಾಗಿ ಮುದುಕಿಯಂತೆ ಕಾಣುತ್ತಿದ್ದಳು.

"ಬೇರೆ ಕಾಪಿ ಇಟ್ಕೊಂಡಿದೀಯಾ?"

ಇಲ್ಲವೆಂದ. ಅದು ನಿಜವಾಗಿತ್ತು. ಕುಣಿಗಲ್‌ಗೆ ಹೋದದ್ದು ಅವಳ ಒಳ್ಳೆಯದಕ್ಕೇ ಎಂದೂ ತೊದಲಿದ.

"ನೀನು ಹೋಗ್ದೆ ಇದ್ದಿದ್ರೆ ಬರೀ ನಕ್ಷತ್ರಕ್ಕೆ ಉತ್ತರ ಹೇಳ್ಬೇಕಿತ್ತು ಕಣೋ," ಎಂದಳು ಕಮಲ. "ಏನೋ ಹೇಳ್ಕೋತಿದ್ವಿ. ಇದಕ್ಕೆ ಅಪ್ಪ ಏನಂತ ಹೇಳ್ತಾರೆ?"

ತುಮಕೂರಿನ ಬಸ್ಸು ಬಂತು. ಅವಳು ನೆಗೆಟಿವನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಮೇಷ್ಟ್ರು ಸ್ಟುಡಿಯೋದ ಕಡೆ ತಿರುಗದೆ, ಮಗಳನ್ನು ಮುಂದೆ ಹತ್ತಿಸಿ, ತಾವೂ ಹತ್ತಿದರು.