ಕಡುಬು ಎಷ್ಟಾಯ್ತು?

ನನ್ನ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವವಳು, ಮಾರಲು ಅಲೆಯುವವಳು, ಬೈಸಿಕೊಳ್ಳುವವಳು ಎಲ್ಲ ನಾನೊಬ್ಬಳೇ. ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು, ಹೆಬ್ಬಗೋಡಿಯ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಅದನ್ನು ಶುರುಮಾಡಿದೆ. ಸಣ್ಣ ಕಾರ್ಖಾನೆಗಳಲ್ಲಿ ಯಾವ ಮಷಿನ್ ಮೇಲೆ ಯಾವ ಪಾರ್ಟ್ ಓಡುತ್ತಿದೆ, ಎಷ್ಟು ಮುಗಿದಿದೆ ಎಂದು ತೋರಿಸುವ ಸಾಫ್ಟ್‌ವೇರ್. ಆರು ತಿಂಗಳು ಚಪ್ಪಲಿ ಸವೆಸಿದ ಮೇಲೆ ಪೀಣ್ಯದ ಒಬ್ಬ ಮಾಲೀಕರು ಒಪ್ಪಿದರು. ಅದೂ ಒಂದು ಷರತ್ತಿನ ಮೇಲೆ.

"ಮೂರು ತಿಂಗಳು ಇಟ್ಟು ನೋಡೋಣ ಮೇಡಂ. ಆಮೇಲೆ ನಿಮ್ಮನ್ನ ಕೇಳಲ್ಲ, ನಮ್ಮ ಸೂಪರ್‌ವೈಸರ್‌ನ ಕೇಳ್ತೀನಿ. ಅವರು ಬೇಡ ಅಂದ್ರೆ ಬೇಡ."

ನನಗಿದ್ದ ಗಿರಾಕಿ ಇವರೊಬ್ಬರೇ. ಇವರು ಕೈಬಿಟ್ಟರೆ, ತಲೆಯೆತ್ತಿಕೊಂಡು ಬಿಟ್ಟುಬಂದ ಆಫೀಸಿಗೇ ತಲೆತಗ್ಗಿಸಿ ಮರಳಬೇಕಿತ್ತು. ಸೂಪರ್‌ವೈಸರ್ ನನ್ನ ಅಪ್ಪನ ವಯಸ್ಸಿನವರು. ಓಡುತ್ತಿರುವ ಪಾರ್ಟನ್ನು ಪಟ್ಟಿಯಲ್ಲಿ ಹುಡುಕಿ ಒತ್ತಬೇಕಾದ ನನ್ನ ಟ್ಯಾಬ್ಲೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಎಣ್ಣೆ ಕ್ಯಾನಿನ ಪಕ್ಕ ಇಟ್ಟು, "ಆಯ್ತು ಮೇಡಂ" ಅಂದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಮಾಲೀಕರ ಕ್ಯಾಬಿನ್ನಿನಲ್ಲಿ ಜಂಭದಿಂದ ಲ್ಯಾಪ್‌ಟಾಪ್ ತೆರೆದೆ. ಹನ್ನೆರಡು ಮಷಿನ್‌ಗಳೂ ಹದಿನೈದು ದಿನ ಒಂದೇ ಪಾರ್ಟ್ ಮಾಡಿದ್ದವು! ನನ್ನ ಪಟ್ಟಿಯಲ್ಲಿ ಮೊದಲಿಗಿದ್ದ ಪಾರ್ಟ್ ಅದು. ಮಾಲೀಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅದನ್ನ ನಾವು ಹೋದ ವರ್ಷಾನೇ ನಿಲ್ಲಿಸಿದ್ವಿ ಮೇಡಂ."

ನನಗೆ ಮೂಗಿನ ತುದಿಯಲ್ಲೇ ಕೋಪ. ದಡದಡ ಕೆಳಗಿಳಿದು ಹೋಗಿ, "ಬೇಕಂತಲೇ ಮಾಡ್ತಿದ್ದೀರಲ್ವಾ?" ಎಂದು ಸೂಪರ್‌ವೈಸರ್ ಮೇಲೆ ಎಗರಾಡಿದೆ. ಅವರು ಒಂದು ಸ್ಟೂಲು ಎಳೆದು ಹಾಕಿದರು.

"ಶಿಫ್ಟ್ ಬದಲಾಗೋವರ್ಗೂ ಇಲ್ಲೇ ಕೂತ್ಕೊಳ್ಳಿ. ಆಮೇಲೆ ಬೈಯೋರಂತೆ."

ಮಧ್ಯಾಹ್ನ ಎರಡಕ್ಕೆ ಹೊಸ ಶಿಫ್ಟಿನವರು ಬಂದರು. ಒಬ್ಬ ಡಬ್ಬಿ ಕೆಳಗಿಡುತ್ತಲೇ ಕೇಳಿದ, "ಕಡುಬು ಎಷ್ಟಾಯ್ತು?"

"ಮುನ್ನೂರು."

"ಸೊಟ್ಟಮೂತಿ?"

"ಇನ್ನೂ ಮಷಿನ್‌ಗೆ ಹತ್ತಿಸಿಲ್ಲ ಗುರು, ಟೂಲ್ ಬಂದಿಲ್ಲ."

ಅರ್ಧಚಂದ್ರದಂತಿದ್ದ ಪಾರ್ಟ್ ಕಡುಬು, ಒಂದು ಕಡೆ ಬಾಗಿದ್ದು ಸೊಟ್ಟಮೂತಿ. ಹೊಸ ಪಾರ್ಟ್ ಬಂದರೆ ಅದನ್ನು ಮೊದಲು ಮಷಿನ್‌ಗೆ ಕೂರಿಸಿದವನೇ ಹೆಸರಿಡಬೇಕು, ಮತ್ತೆ ಅದನ್ನು ಮಾಲೀಕರೂ ಬದಲಿಸುವಂತಿಲ್ಲ. ನಾನೋ, ಡ್ರಾಯಿಂಗ್ ಮೇಲಿನ ಉದ್ದುದ್ದ ನಂಬರುಗಳನ್ನೇ ಸಾಲಾಗಿ ತುಂಬಿಕೊಟ್ಟಿದ್ದೆ. ಎಣ್ಣೆಗೈಯಲ್ಲಿ ಅವನ್ನು ಹುಡುಕುವವರು ಯಾರು? ಮೊದಲನೆಯದನ್ನು ಒತ್ತಿ ಪೀಡೆ ಕಳೆದುಕೊಂಡಿದ್ದರು. ನಮ್ಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ನಿವೃತ್ತರಾದವರು. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಎಲ್ಲ ತಿಳಿದವಳಲ್ಲವೇ, ಕೇಳಲಿಲ್ಲ.

ಒಂದು ವಾರ ಆ ಸ್ಟೂಲಿನ ಮೇಲೆ ಕೂತು ಹೆಸರುಗಳನ್ನು ಬರೆದುಕೊಂಡೆ, ಒಂದೊಂದು ಪಾರ್ಟಿನ ಫೋಟೋ ತೆಗೆದೆ. ನಂಬರುಗಳನ್ನು ಆಫೀಸಿನವರಿಗೆ ಬಿಟ್ಟು, ಕೆಲಸಗಾರರ ಪರದೆಯ ಮೇಲೆ ಫೋಟೋ ಮತ್ತು ಅವರಿಟ್ಟ ಹೆಸರು ಮಾತ್ರ ಉಳಿಸಿದೆ. ಹೊಸ ಪಾರ್ಟ್ ಬಂದರೆ, ಕೂರಿಸಿದವನು ಟ್ಯಾಬ್ಲೆಟ್ಟಿಗೆ ಬಾಯಲ್ಲೇ ಹೆಸರು ಹೇಳಿದರಾಯಿತು. ಮೊದಲ ದಿನವೇ ಇಬ್ಬರು ಒಂದು ಹೆಸರಿಗೆ ಜಗಳವಾಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಇಬ್ಬರಿಗೂ ಟೀ ಕೊಡಿಸಿದೆ.

ಮೂರು ತಿಂಗಳು ಮುಗಿಯುವ ದಿನ ತೀರ್ಪು ಕೇಳಲು ಹೊರಟೆ. ಸೂಪರ್‌ವೈಸರ್ ಅಷ್ಟು ದಿನದಲ್ಲಿ ಒಮ್ಮೆಯೂ ಚೆನ್ನಾಗಿದೆ ಅಂದವರಲ್ಲ. ಬಸ್ಸು ಹೊಸೂರು ರಸ್ತೆಯಲ್ಲಿ ಸಿಕ್ಕಿಕೊಂಡಿರುವಾಗ, ಆ ದಿನವೇ, ನನ್ನ ಸರ್ವರ್ ನಿಂತುಹೋಯಿತು. ಸ್ವಲ್ಪ ಹೊತ್ತಿಗೇ ಸೂಪರ್‌ವೈಸರ್ ಫೋನ್ ಬಂತು.

"ಎಲ್ಲಿದ್ದೀಯಮ್ಮ? ಹತ್ತು ನಿಮಿಷದಿಂದ ಸ್ಕ್ರೀನ್ ಬೆಳ್ಳಗೆ ಕೂತದೆ. ಎಲ್ಡನೇ ಶಿಫ್ಟ್‌ನೋರು ಬಂದು ನಿಂತವ್ರೆ. ಯಾರನ್ನ ಯಾವ ಮಷಿನ್‌ಗೆ ಕಳಿಸ್ಲಿ? ಇಂಗ್ ಕೈ ಕೊಟ್ರೆ ಎಂಗೆ?"

ಬ್ಯಾಗಿನ ಜಿಪ್ ಎಳೆಯುತ್ತ ಹೇಳಿದೆ, "ಸಾರ್, ಐದು ನಿಮಿಷ. ಅಲ್ಲೀವರ್ಗೂ ಮೊದಲು ಹೆಂಗೆ ಮಾಡ್ತಿದ್ರೋ ಹಂಗೆ ಮಾಡಿ."

"ಮೊದ್ಲು ಎಂಗ್ ಮಾಡ್ತಿದ್ವೋ ಯಾರಿಗ್ ನೆನಪೈತೆ? ಬೇಗ ಸರಿ ಮಾಡಮ್ಮ!"

ಬಸ್ಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಸೀಟಿನ ಅಕ್ಕ ಬ್ಯಾಗು ಎದೆಗೆ ಒತ್ತಿಕೊಂಡು ಸರಿದು ಕೂತರು. ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಸರ್ವರ್ ಎಬ್ಬಿಸಿದೆ. ಕಣ್ಣು ಮಂಜಾಗಿ ಎರಡು ಸಲ ಪಾಸ್‌ವರ್ಡ್ ತಪ್ಪಾಯಿತು.