ಮೋಸ್ಟ್ಲಿ ಡ್ಯೂ ಟು ಗ್ಯಾಸ್ಟ್ರಿಕ್

ಹೋದ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತ್ತು. ನಮ್ಮೂರು ಬಾಳೆಲೆಯ ಸುತ್ತಮುತ್ತ ಎಲ್ಲರೂ ಕೆರೆಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯುತ್ತಿದ್ದರು. ಪಂಪ್ ರಿಪೇರಿ ಮಾಡುವ ನನ್ನ ಯಜಮಾನರಿಗೆ ಆಗ ಊಟಕ್ಕೂ ಪುರುಸೊತ್ತಿರಲಿಲ್ಲ.

ಅವರ ಬಾಯಲ್ಲಿ ಒಂದು ಇಂಗ್ಲಿಷ್ ಮಾತು ಸದಾ ಇರುತ್ತಿತ್ತು. ಯಾವುದೋ ಎಸ್ಟೇಟಿನ ಮ್ಯಾನೇಜರರಿಂದ ಕಲಿತದ್ದು. ಪಂಪ್ ನೀರೆತ್ತದಿದ್ದರೆ "ಮೋಸ್ಟ್ಲಿ ಡ್ಯೂ ಟು ಏರ್ ಲಾಕ್." ನನ್ನ ದೋಸೆ ಹಿಟ್ಟು ಹುಳಿ ಬಾರದಿದ್ದರೆ "ಮೋಸ್ಟ್ಲಿ ಡ್ಯೂ ಟು ಚಳಿ." ಹೇಳಿದ್ದು ಎಷ್ಟೋ ಸಲ ತಪ್ಪಾಗುತ್ತಿತ್ತು. ಅವರ ಜೊತೆ ಪೈಪ್ ಜೋಡಿಸುವ ಮಣಿ, "ನಮ್ಮಣ್ಣ ಎಂ.ಡಿ. ಡಾಕ್ಟ್ರು ಅಕ್ಕಾ, ಎಂ.ಡಿ. ಅಂದ್ರೆ ಮೋಸ್ಟ್ಲಿ ಡ್ಯೂ ಟು!" ಎಂದು ನಗಿಸುತ್ತಿದ್ದ.

ಆ ಬೆಳಿಗ್ಗೆ ಅವರು ಎದೆ ಉಜ್ಜಿಕೊಳ್ಳುತ್ತಾ ಕಾಫಿಯನ್ನು ಅರ್ಧಕ್ಕೇ ಇಟ್ಟರು.

"ಎಂತ ಆಯ್ತು? ಆಸ್ಪತ್ರೆಗೆ ಹೋಗುವ, ನಾನೂ ಬರ್ತೇನೆ" ಎಂದೆ.

"ಮೋಸ್ಟ್ಲಿ ಡ್ಯೂ ಟು ಗ್ಯಾಸ್ಟ್ರಿಕ್ ಮಾರಾಯ್ತಿ. ಕೆಳಗಿನ ತೋಟದಲ್ಲಿ ಪಂಪ್ ನಿಂತಿದೆ. ನೀರು ಅರ್ಧಂಬರ್ಧ ಬಿದ್ರೆ ಮೊಗ್ಗೆಲ್ಲ ಕರಟಿ ಹೋಗ್ತದೆ. ಓಡಿಸಿ ಬರ್ತೇನೆ" ಎಂದು ನಕ್ಕು ಬೈಕ್ ಹತ್ತಿದರು.

ಪಂಪ್ ಓಡಿತಂತೆ. ಅವರು ಕೆರೆ ಏರಿಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಜೀಪಿನಲ್ಲಿ ಆಸ್ಪತ್ರೆ ಮುಟ್ಟುವಾಗಲೇ ಹೋಗಿಬಿಟ್ಟಿದ್ದರು.

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. "ಮೋಸ್ಟ್ಲಿ ಬಿಪಿ." "ಮೋಸ್ಟ್ಲಿ ಬಿಸಿಲು." ಯಜಮಾನರ ಅತ್ತಿಗೆ ಮಾತ್ರ ನನ್ನ ಮುಖ ನೋಡಿಕೊಂಡೇ, "ಮನೆಯಲ್ಲಿ ಹೊತ್ತುಹೊತ್ತಿಗೆ ಬಡಿಸೋರಿದ್ರೆ ಹೀಗಾಗ್ತಿತ್ತಾ?" ಎಂದರು. ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ನನ್ನಿಂದಲೇ ಹೋದರೇ? ಅನ್ನದ ತಟ್ಟೆಯ ಮುಂದೆ ಕುಳಿತಾಗಲೆಲ್ಲ ಅದೇ ಪ್ರಶ್ನೆ.

ಕಾರಣ ಕೊಡದವನು ಮಣಿ ಒಬ್ಬನೇ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವನು ಯಜಮಾನರ ಸ್ಪ್ಯಾನರ್ ಚೀಲ ತಂದು ಜಗಲಿಯಲ್ಲಿಟ್ಟ.

"ನೀನಾದರೂ ಹೇಳು ಮಣಿ. ಯಾಕೆ ಹೀಗಾಯ್ತು?"

"ನಂಗೆ ಗೊತ್ತಿಲ್ಲ ಅಕ್ಕಾ" ಎಂದ. ಚೀಲದ ದಾರವನ್ನು ಗಂಟು ಹಾಕಿ ಬಿಚ್ಚಿದ. "ಹೇಳ್ಬೇಡ ಅಂದಿದ್ರು. ಕೆರೆ ಹತ್ರ ನನ್ನ ಕೈ ಹಿಡ್ಕೊಂಡು, 'ಇದು ಗ್ಯಾಸ್ಟ್ರಿಕ್ ಅಲ್ಲ ಮಣಿ. ಬೆಳಿಗ್ಗೆಯೇ ಗೊತ್ತಾಯ್ತು. ಅವಳಿಗೆ ಹೇಳ್ಬೇಡ, ಹೆದರ್ತಾಳೆ. ಜೀಪ್ ತಾ' ಅಂದ್ರು."

ಅವರು 'ಮೋಸ್ಟ್ಲಿ' ಇಲ್ಲದೆ ಹೇಳಿದ ಮಾತು ಅದೊಂದೇ ಇರಬೇಕು. ಆ ದಿನ ನಾನು ಬಾಯಿಬಿಟ್ಟು ಅತ್ತೆ. ಮಣಿ ಬಾಗಿಲ ಬಳಿ ತಲೆ ತಗ್ಗಿಸಿ ಕುಳಿತೇ ಇದ್ದ.

ಈ ವರ್ಷವೂ ಕಾಫಿ ಹೂ ಬಿಟ್ಟಿದೆ. ಕೆಳಗಿನ ತೋಟದ ಪಂಪಿನ ಸದ್ದು ಅಡುಗೆಮನೆಗೆ ಕೇಳುತ್ತದೆ. ಅದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ. ಅತ್ತಿಗೆಯ ಮಾತು ಈಗ ಅಷ್ಟು ಚುಚ್ಚುವುದಿಲ್ಲ. ಆದರೆ ಯಜಮಾನರ ಮೇಲೆ ಸಿಟ್ಟು ಬರುತ್ತದೆ. ಹೇಳಿದ್ದರೆ ಹೆದರುತ್ತಿದ್ದೆ, ನಿಜ. ಹೆದರಿಕೊಂಡೇ ಜೊತೆಗೆ ಹೋಗುತ್ತಿದ್ದೆನಲ್ಲ.